ಇಸಬು, ಮೊಡವೆಗೆ ಪ್ರೋಬಯಾಟಿಕ್: ಹೇಗೆ ಬಳಸಬೇಕು, ಎಲ್ಲಿ ನಿಲ್ಲಿಸಬೇಕು

ವಿಜಯಪುರದ ಕಡೆ ಮೈಮೇಲೆ ಏನೇ ಎದ್ದರೂ 'ಉಷ್ಣ ಆಗಿದೆ, ಮಜ್ಜಿಗೆ ಕುಡಿ' ಅಂತಾರೆ. ಕುಡೀರಿ, ತಪ್ಪಿಲ್ಲ. ಮೊಸರು, ಮಜ್ಜಿಗೆ, ಕ್ಯಾಪ್ಸೂಲಲ್ಲಿ ಸಿಗುವ, ಮೈಗೆ ಒಳ್ಳೇದು ಮಾಡೋ ಜೀವಂತ ಜೀವಾಣುಗಳಿಗೇ ಪ್ರೋಬಯಾಟಿಕ್ ಅಂತಾರೆ. ಆದರೆ ಎದ್ದಿರೋದು ಏನು ಅಂತ ಮೊದಲು ಡಾಕ್ಟರಿಗೆ ತೋರಿಸಿ. ದುಂಡಗೆ, ಅಂಚು ಕೆಂಪಾಗಿ ಹರಡುತ್ತಾ ಹೋಗುವ ಕಡಿತ ಗಜಕರ್ಣ ಇರಬಹುದು. ಅದು ಫಂಗಸ್, ಅದಕ್ಕೆ ಫಂಗಸ್ ಔಷಧಿಯೇ ಬೇಕು. ಚೀಟಿ ಇಲ್ಲದೆ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಕಡಿತ ಸ್ವಲ್ಪ ದಿನ ತಣ್ಣಗಾಗಿ, ಆಮೇಲೆ ಸೊಂಟ, ತೊಡೆ ಎಲ್ಲ ಕಡೆ ಹಬ್ಬುತ್ತದೆ. ದಯವಿಟ್ಟು ಬೇಡ.

ಇಸಬು ಅಂತ ಗೊತ್ತಾದರೆ ಒಂದು ಮಾತು ನೇರವಾಗಿ ಹೇಳ್ತೀನಿ. ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕೊಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2018ರ ವಿಮರ್ಶೆಯಲ್ಲಿ, ಪ್ರೋಬಯಾಟಿಕ್‌ನಿಂದ ಕಡಿತ, ನಿದ್ದೆಗೆಡುವ ತೊಂದರೆ ಹೇಳಿಕೊಳ್ಳುವಷ್ಟು ಕಮ್ಮಿ ಆಗಿದ್ದು ಕಾಣಲಿಲ್ಲ. ಹಾಗಾಗಿ ಡಾಕ್ಟರ್ ಕೊಟ್ಟ ಮುಲಾಮು ಬಿಡಬೇಡಿ. ಸ್ನಾನವಾದ ತಕ್ಷಣ, ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ನಮ್ಮ ಒಣಹವೆಗೆ ಇದೇ ದೊಡ್ಡ ಔಷಧಿ. ಪ್ರೋಬಯಾಟಿಕ್ ಇದರ ಜೊತೆಗೆ, ಇದರ ಬದಲಿಗೆ ಅಲ್ಲ.

ಮೊಡವೆಗೆ ಸಣ್ಣ ಪ್ರಯೋಗಗಳಲ್ಲಿ ಒಂದಿಷ್ಟು ಒಳ್ಳೆಯ ಫಲ ಕಂಡಿದೆ. ಡಾಕ್ಟರ್ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಹೊಟ್ಟೆ ಕೆಡದಂತೆ ಪ್ರೋಬಯಾಟಿಕ್ ನೆರವಾಗಬಹುದು. ಅದನ್ನು ಮಾತ್ರೆಯಾದ ಎರಡು ಗಂಟೆ ಬಿಟ್ಟು ತೊಗೊಳ್ಳಿ. ಕ್ಯಾಪ್ಸೂಲ್ ಕೊಳ್ಳುವಾಗ ಬರೀ 'ಲ್ಯಾಕ್ಟೋಬ್ಯಾಸಿಲಸ್' ಅಂತ ಜೀವಾಣುವಿನ ಗುಂಪಿನ ಹೆಸರಿದ್ದರೆ ಸಾಲದು, ಸ್ಟ್ರೇನ್ (ಒಳತಳಿ) ಹೆಸರು, ಅಂದರೆ ರ‍್ಯಾಮ್ನೋಸಸ್ ಜಿಜಿ ಅನ್ನುವ ಹಾಗೆ ಪೂರ್ತಿ ಹೆಸರು, ಎಷ್ಟು ಕೋಟಿ ಜೀವಾಣು ಇವೆ, ಯಾವ ತಾರೀಕಿನ ತನಕ ಇಡಬಹುದು, ಇಷ್ಟೂ ಇರಬೇಕು. ಏಪ್ರಿಲ್, ಮೇ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಊರೆಲ್ಲ ತಿರುಗಿಸಿದರೆ ಜೀವಾಣು ಉಳಿಯೋದು ಕಷ್ಟ.

ಮನೆ ಮೊಸರೇ ಸಾಕು ಅನ್ನುವವರಿಗೆ: ಹಾಲು ಕುದಿಸಿ, ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ಆರಿಸಿ, ಆಮೇಲೆ ಹೆಪ್ಪು ಹಾಕಿ. ಸುಡುವ ಹಾಲಿಗೆ ಹಾಕಿದರೆ ಹೆಪ್ಪೇ ಸಾಯುತ್ತದೆ. ಬೇಸಿಗೆಯಲ್ಲಿ ಬೇಗ ಹೆಪ್ಪಾಗುತ್ತದೆ, ಹುಳಿಯಾಗೋ ಮೊದಲೇ ಫ್ರಿಜ್ಜಿಗೆ ಇಡಿ. ರೊಟ್ಟಿ ಜೊತೆ ಹಸಿಯಾಗೇ ತಿನ್ನಿ. ಮಜ್ಜಿಗೆ ಹುಳಿ ಕುದಿಸಿದರೆ ರುಚಿ ಉಳಿಯುತ್ತದೆ, ಜೀವಾಣು ಉಳಿಯಲ್ಲ. ಮೊಸರನ್ನು ಒಡೆದ, ಕೆರೆದ ಚರ್ಮಕ್ಕೆ ಹಚ್ಚಬೇಡಿ, ಉರಿ ಜಾಸ್ತಿ ಆಗುತ್ತದೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಮೊಸರೂ ಬೇಡ.

ಒಂದು ಸಲಕ್ಕೆ ಒಂದನ್ನೇ ಶುರು ಮಾಡಿ. ಸೋಪು, ಎಣ್ಣೆ, ಕ್ಯಾಪ್ಸೂಲ್ ಮೂರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ವಾರಕ್ಕೊಮ್ಮೆ ಅದೇ ಕಿಟಕಿ ಬೆಳಕಲ್ಲಿ ಮೊಣಕೈ ಮಡಿಕೆಯದೋ, ಕೆನ್ನೆಯದೋ ಫೋಟೋ ತೆಗೆದಿಡಿ. 8ರಿಂದ 12 ವಾರದಲ್ಲಿ ಫರಕು ಕಾಣದಿದ್ದರೆ ನಿಲ್ಲಿಸಿ, ಸುಮ್ನೆ ದುಡ್ಡು ಹಾಕಬೇಡಿ.

ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವವರಿಗೆ, ಅಂಗ ಕಸಿ ಆದವರಿಗೆ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಡಾಕ್ಟರನ್ನು ಕೇಳದೆ ಪ್ರೋಬಯಾಟಿಕ್ ಕೊಡಲೇಬಾರದು. ಚರ್ಮದಿಂದ ಕೀವು ಸೋರಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.