ಐದು ನಿಮಿಷ ಸುಮ್ಮನೆ ಕುಳಿತ ಮೇಲೆ

ಮೊಣಕಾಲು ನೋವೆಂದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಲೋಕಲ್ ರೈಲು ಇಳಿದು, ಮೇಲ್ಸೇತುವೆ ದಾಟಿ ನೇರ ಡಾಕ್ಟರ ಬಳಿ ಹೋಗಿದ್ದೆ. ಬಿಪಿ 158/96 ಇತ್ತು. ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ನಂಬುವುದೇ ಕಷ್ಟವಾಯಿತು. ಅವರು ಕೂಡಲೇ ಮಾತ್ರೆ ಬರೆಯಲಿಲ್ಲ. ಒಂದು ವಾರ ಮನೆಯಲ್ಲಿ ನೋಡಿ ಬರೆದು ತನ್ನಿ ಎಂದರು.

ತೋಳಿಗೆ ಕಟ್ಟುವ ಯಂತ್ರ ಕೊಂಡೆ. ಮೊದಲ ದಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಕೈಯನ್ನು ತೊಡೆಯ ಮೇಲಿಟ್ಟು, ಹೆಂಡತಿಯೊಂದಿಗೆ ಮಾತನಾಡುತ್ತಲೇ ಗುಂಡಿ ಒತ್ತಿದೆ. ಮೇಲಿನ ಅಂಕಿ 162. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 149. ಯಂತ್ರವೇ ಕೆಟ್ಟದ್ದೆಂದು ಡಾಕ್ಟರ ಬಳಿ ಒಯ್ದೆ. ಅವರ ಯಂತ್ರವೂ ನನ್ನದೂ ಹೆಚ್ಚುಕಡಿಮೆ ಒಂದೇ ತೋರಿಸಿದವು. ನಾನು ಕೂರುವ ರೀತಿ ಸರಿಯಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲೇ ಕುರ್ಚಿಗೆ ಬೆನ್ನು ಆನಿಸಿ ಕೂರುತ್ತೇನೆ. ಪಾದಗಳೆರಡೂ ನೆಲದ ಮೇಲೆ. ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಪಟ್ಟಿ. ಮೇಜಿನ ಮೇಲೆ ಟವೆಲ್ ಮಡಚಿಟ್ಟು ಅದರ ಮೇಲೆ ಕೈ ಚಾಚಿದರೆ ಪಟ್ಟಿ ಎದೆಯ ಮಟ್ಟಕ್ಕೆ ಬರುತ್ತದೆ. ಐದು ನಿಮಿಷ ಮಾತಿಲ್ಲ, ಮೊಬೈಲಿಲ್ಲ. ಬಳಿಕ ಒಂದು ನಿಮಿಷ ಬಿಟ್ಟು ಎರಡು ಸಲ ಅಳತೆ. ರಾತ್ರಿಯೂ ಹಾಗೆಯೇ. ಹೆಚ್ಚು ಬಂದದ್ದನ್ನು ಬಿಟ್ಟು ಕಡಿಮೆ ಬಂದದ್ದನ್ನಷ್ಟೇ ಬರೆಯಲು ಮನಸ್ಸು ಎಳೆಯುತ್ತದೆ; ಕಂಡದ್ದನ್ನು ಕಂಡಂತೆಯೇ ಬರೆಯಬೇಕು.

ಮೊದಲ ದಿನದ್ದನ್ನು ಬಿಟ್ಟು ಆರು ದಿನಗಳ ಸರಾಸರಿ ತೆಗೆದಾಗ 144/91. ಬಿಪಿ ಹೆಚ್ಚೆನ್ನುವ ಗಡಿ ಡಾಕ್ಟರ ಕೋಣೆಯಲ್ಲಿ 140/90 ಆದರೆ ಮನೆಯ ಅಳತೆಗೆ 135/85 ಎಂದು ಆಗ ತಿಳಿಯಿತು. ಮಾತ್ರೆ ಶುರುವಾಯಿತು.

ಉಪ್ಪಿನ ಲೆಕ್ಕವನ್ನೂ ಹಾಕಿದೆವು. ಮನೆಯಲ್ಲಿ ಮೂವರು; ಕಿಲೋ ಉಪ್ಪು ಮೂವತ್ತು ದಿನಕ್ಕೆ ಮುಗಿಯುತ್ತಿತ್ತು. ತಲೆಗೆ ದಿನಕ್ಕೆ 11 ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಅತ್ತಿಗೆ ಊರಿನಿಂದ ಕಳಿಸುವ ಮಿಡಿ ಉಪ್ಪಿನಕಾಯಿ, ಮಾಟುಂಗಾದಿಂದ ತರುವ ಹಪ್ಪಳ ಈ ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ. ಮಿಡಿಯನ್ನು ಬಿಡುವುದು ನನಗೆ ಮಾತ್ರೆ ನುಂಗುವುದಕ್ಕಿಂತ ಕಷ್ಟವಾಯಿತು. ಈಗ ಭಾನುವಾರ ಮಾತ್ರ, ಅರ್ಧ ಮಿಡಿ.

ನಾಲ್ಕು ತಿಂಗಳಲ್ಲಿ ಸರಾಸರಿ 126/80ಕ್ಕೆ ಇಳಿಯಿತು. ಗುಣವಾಯಿತೆಂದುಕೊಂಡು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ಮೈಗೆ ಏನೂ ಗೊತ್ತಾಗಲಿಲ್ಲ. ಮೂರನೇ ವಾರ ಪುಸ್ತಕದಲ್ಲಿ ಸಾಲಾಗಿ 140ರ ಮೇಲಿನ ಅಂಕಿಗಳು ಬಂದವು. ಆ ಪುಟ ನೋಡಿ ಹೆದರಿ ಮರುದಿನವೇ ಡಾಕ್ಟರ ಬಳಿ ಹೋದೆ, ಮಾತ್ರೆ ಮತ್ತೆ ಹತ್ತಿತು.

ಪುಸ್ತಕದ ಮೊದಲ ಪುಟದಲ್ಲಿ ಹೆಂಡತಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾಳೆ: 180/120 ದಾಟಿ, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಅಥವಾ ಕೈಕಾಲಿನ ಶಕ್ತಿ ಹೋಗುವುದು ಕಂಡರೆ ಕಾಯದೆ ಆಸ್ಪತ್ರೆಗೆ. ಈಗ ದಿನವೂ ನೋಡುವುದಿಲ್ಲ. ಡಾಕ್ಟರ ಭೇಟಿಗೆ ಮುಂಚಿನ ಏಳು ದಿನ ಮಾತ್ರ ಯಂತ್ರ ಹೊರಗೆ ಬರುತ್ತದೆ.