ಸೋರಿಯಾಸಿಸ್ ಹೊಟ್ಟನ್ನು ಕೆರೆಯದೆ ತೆಗೆಯುವುದು ಹೇಗೆ?

ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮೊಣಕೈಯ ಬಿಳಿ ಹೊಟ್ಟನ್ನು ತಿಕ್ಕಿ ತೆಗೆಯುವವರನ್ನು ತುಂಬಾ ಸಲ ನೋಡಿದ್ದೇನೆ. ಆ ದಿನ ಚರ್ಮ ನುಣುಪಾಗಿ ಕಾಣುತ್ತದೆ. ಕೆಲವೇ ದಿನಗಳಲ್ಲಿ ಹೊಟ್ಟು ಮತ್ತೆ ದಪ್ಪಗೆ ಕೂತಿರುತ್ತದೆ. ದಯವಿಟ್ಟು ಆ ಕಲ್ಲನ್ನು ಪಕ್ಕಕ್ಕಿಡಿ.

ಮೊದಲ ಕೆಲಸ, ಹೊಟ್ಟನ್ನು ಮೆತ್ತಗೆ ಮಾಡುವುದು. ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ, ಒಂದೆರಡು ಗಂಟೆ ಬಿಡಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಸ್ನಾನ. ಬಿಸಿ ನೀರು ಬೇಡ, ತುರಿಕೆ ಜಾಸ್ತಿಯಾಗುತ್ತದೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಮೆತ್ತಗಾದ ಹೊಟ್ಟು ಅರ್ಧ ಎದ್ದು ನಿಂತಿರುತ್ತದೆ, ಕೀಳೋಣ ಅನ್ನಿಸುತ್ತದೆ, ಅಲ್ವಾ? ಕೀಳಬೇಡಿ. ಮೆತ್ತನೆಯ ಬಟ್ಟೆಯಿಂದ ಒಂದು ಸಲ ಹಗುರವಾಗಿ ಸವರಿ. ತಾನಾಗಿ ಬಂದಷ್ಟು ಬರಲಿ, ಉಳಿದದ್ದು ನಾಳೆಗೆ. ರಕ್ತದ ಚುಕ್ಕೆ ಕಂಡರೆ ಜೋರಾಯಿತು ಎಂದೇ ಅರ್ಥ.

ಇಷ್ಟು ಹೇಳುವುದಕ್ಕೆ ಕಾರಣವಿದೆ. ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಒಂದು ವಾರದೊಳಗೆ ಬಂದುಬಿಡುತ್ತದೆ. ಸರಿಯಾಗಿ ಬಲಿಯದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಹೊಟ್ಟಾಗುತ್ತವೆ. ರೋಗ ಶುರುವಾಗುವುದು ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿ. ಐಎಲ್-23, ಐಎಲ್-17 ಎಂಬ ಸಂಕೇತಗಳು ಚರ್ಮವನ್ನು ಕೆಣಕುತ್ತವೆ. ಕೆಣಕಿದ ಚರ್ಮ ತಾನೇ ಗ್ರೋತ್ ಫ್ಯಾಕ್ಟರ್‌ಗಳನ್ನು ಹೊರಬಿಡುತ್ತದೆ. ಇವು ಕೋಶಗಳಿಗೆ ‘ಒಡೆದು ಎರಡಾಗು’ ಎಂದು ಹೇಳುವ ಪ್ರೋಟೀನ್‌ಗಳು. ಟಿಜಿಎಫ್-ಆಲ್ಫಾ, ಆಂಫಿರೆಗ್ಯುಲಿನ್ ಎಂಬ ಎರಡು ಇಲ್ಲಿ ಜಾಸ್ತಿ ಇರುತ್ತವೆ. ವಿಇಜಿಎಫ್ ಎಂಬ ಇನ್ನೊಂದು ಹೊಸ ರಕ್ತನಾಳ ಬೆಳೆಸುತ್ತದೆ, ಕೆಂಪು ಬರುವುದರಲ್ಲಿ ಅದರ ಪಾಲೂ ಇದೆ. ಇದೇ ಪ್ರೋಟೀನ್‌ಗಳು ಗಾಯ ಮಾಯಿಸಲೂ ಬೇಕು. ಹಾಗಾಗಿ ಕೆರೆದು ಗಾಯ ಮಾಡಿದರೆ, ಮೊದಲೇ ಓಡುತ್ತಿರುವ ಕೋಶಗಳನ್ನು ಇನ್ನಷ್ಟು ಅಟ್ಟಿದ ಹಾಗೆ. ಚೆನ್ನಾಗಿದ್ದ ಚರ್ಮಕ್ಕೆ ಪೆಟ್ಟಾದರೂ ಅಲ್ಲಿ ಸೋರಿಯಾಸಿಸ್‌ನ ಹೊಸ ಮಚ್ಚೆ ಏಳಬಹುದು. ವೈದ್ಯರು ಇದನ್ನು ಕೋಬ್ನರ್ ಪರಿಣಾಮ ಎನ್ನುತ್ತಾರೆ.

ಸುಕ್ಕು ಹೋಗಲೆಂದು ಮಾರುವ ಇಜಿಎಫ್ ಸೀರಮ್‌ಗಳ ಬಗ್ಗೆಯೂ ಹೇಳಬೇಕು, ಇಜಿಎಫ್ ಕೂಡ ಒಂದು ಗ್ರೋತ್ ಫ್ಯಾಕ್ಟರ್. ಇಜಿಎಫ್ ಕಂಡುಹಿಡಿದ ಸ್ಟಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು, ಅದು ದೊಡ್ಡ ಶೋಧವೇ. ಆದರೆ ಟಿಜಿಎಫ್-ಆಲ್ಫಾ ಕೋಶದ ಮೇಲೆ ಯಾವ ಬೀಗ ತೆರೆಯುತ್ತದೋ, ಇಜಿಎಫ್ ತೆರೆಯುವುದೂ ಅದನ್ನೇ. ಮಚ್ಚೆಯ ಮೇಲೆ ಅದನ್ನು ಹಚ್ಚಬೇಡಿ.

ಸ್ನಾನ ಮುಗಿದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಹೊಟ್ಟು ತೀರಾ ದಪ್ಪಗಿದ್ದರೆ ಸ್ಯಾಲಿಸಿಲಿಕ್ ಆಸಿಡ್ ಮುಲಾಮು ಉಪಯೋಗಕ್ಕೆ ಬರುತ್ತದೆ, ಆದರೆ ವೈದ್ಯರನ್ನು ಕೇಳಿಯೇ. ಮೈಗೆಲ್ಲ ಬಳಿಯಬೇಡಿ. ಸೋರಿಯಾಸಿಸ್‌ಗೆ ಹಚ್ಚಲು ಕೊಡುವ ಕ್ಯಾಲ್ಸಿಪೊಟ್ರಿಯಾಲ್ ಎಂಬ ಔಷಧಿಯ ಜೊತೆ ಇದನ್ನು ಹಚ್ಚಿದರೆ ಕ್ಯಾಲ್ಸಿಪೊಟ್ರಿಯಾಲ್‌ನ ಶಕ್ತಿಯೇ ಹೋಗುತ್ತದೆ. ಏನೇನು ಬೆರೆಸಿದ್ದಾರೆಂದು ಬರೆಯದ ಡಬ್ಬಿಗಳನ್ನು ಮುಟ್ಟಲೇಬೇಡಿ. ಅಂಥವುಗಳಲ್ಲಿ ಬಲವಾದ ಸ್ಟೀರಾಯ್ಡ್ ಸಿಕ್ಕಿದ್ದುಂಟು. ವೈದ್ಯರು ಕೊಟ್ಟ ಸ್ಟೀರಾಯ್ಡನ್ನೂ ಸುಮ್ನೆ ಒಂದೇ ದಿನಕ್ಕೆ ನಿಲ್ಲಿಸಬೇಡಿ.

ನಿದ್ದೆಯಲ್ಲಿ ಕೆರೆಯುವವರು ಉಗುರು ಚಿಕ್ಕದಾಗಿ ಕತ್ತರಿಸಿ, ಹತ್ತಿಯ ಕೈಗವಸು ಹಾಕಿಕೊಂಡು ಮಲಗಿ. ಬೆರಳ ಗಂಟುಗಳಲ್ಲಿ ನೋವು, ಬೆಳಿಗ್ಗೆ ಬಿಗಿತ ಇದ್ದರೆ ವೈದ್ಯರಿಗೆ ಹೇಳಿ, ಸೋರಿಯಾಸಿಸ್ ಕೀಲುಗಳಿಗೂ ಇಳಿಯಬಹುದು. ಮೈಯೆಲ್ಲ ಕೆಂಪಾಗಿ ಚಳಿ ಹಿಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.