ರಿಂಗ್ ರೋಡಿನ ಆಚೆಯ ದೊಡ್ಡ ಸಾಲಿಗೆ (ಶಾಲೆಗೆ) ಮಗುವನ್ನು ಹಾಕುವವರಿಗೆ

ಜೂನ್ ಮೊದಲ ವಾರ ನನ್ನ ಟೇಬಲ್ಲಿನ ಮುಂದೆ ನಿಂತ ತಂದೆ-ತಾಯಂದಿರು ಕೇಳುವುದು ಒಂದೇ ಮಾತು: "ಸೀಟ್ ಅದಾವೇನ್ರಿ ಸರ್?" ಸೀಟು ಇದ್ದೇ ಇರುತ್ತವೆ. ಇದು ಸರ್ಕಾರಿ ಹೈಸ್ಕೂಲು. 8ನೇ ತರಗತಿಗೆ ಪ್ರವೇಶ ಪರೀಕ್ಷೆ ಇಲ್ಲ, ಡೊನೇಶನ್ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ, ಅವನ್ನು ಕೇಳುವವರು ಕಡಿಮೆ. ನಾನು ಇಲ್ಲಿ ಕಚೇರಿ ಗುಮಾಸ್ತ, ಅಂದರೆ ಎಸ್‌ಡಿಎ. ಪಾಠ ಮಾಡುವವನಲ್ಲ, ರಿಜಿಸ್ಟರ್ ಬರೆಯುವವನು. ಯಾವ ಹುಡುಗ ಎಲ್ಲಿ ಮುಂದೆ ಹೋದ, ಯಾವುದು ಯಾರ ಕೈತಪ್ಪಿತು ಅನ್ನುವುದು ಸ್ಟಾಫ್ ರೂಮಿಗಿಂತ ಮೊದಲು ನನ್ನ ಟೇಬಲ್ಲಿಗೆ ಗೊತ್ತಾಗುತ್ತದೆ.

ನಮ್ಮ ಸಾಲಿ ಕಲಬುರಗಿಯ ಹುಮನಾಬಾದ್ ರಸ್ತೆ ಕಡೆ, ರಿಂಗ್ ರೋಡ್ ದಾಟಿದ ಮೇಲೆ. ಕಪನೂರ ಇಂಡಸ್ಟ್ರಿಯಲ್ ಏರಿಯಾ ಹತ್ತಿರ. ದಾಲ್ ಮಿಲ್ಲಿನ ಹಮಾಲರು, ಗೌಂಡಿಗಳು, ಆಟೊ ಓಡಿಸುವವರು, ಹಳ್ಳಿಯ ಹೊಲ ಮಾರಿ ಇಲ್ಲಿ ಪ್ಲಾಟ್ ಕೊಂಡವರು, ಇವರ ಮಕ್ಕಳೇ ಹೆಚ್ಚು. ಒಂದೊಂದು ತರಗತಿಗೆ ಎ, ಬಿ, ಸಿ, ಡಿ ಅಂತ ಸೆಕ್ಷನ್ನುಗಳು, ಉರ್ದು ಮಾಧ್ಯಮ ಬೇರೆ, ಈಚೆಗೆ ಇಂಗ್ಲಿಷ್ ಮಾಧ್ಯಮವೂ ಬಂದಿದೆ. ಸಣ್ಣ ಸಾಲಿಯಲ್ಲಿ ಹುಡುಗ ಸುಮ್ಮನೆ ಕೂತರೂ ಮಾಸ್ತರ ಕಣ್ಣಿಗೆ ಬೀಳುತ್ತಾನೆ. ಇಲ್ಲಿ ಬೀಳುವುದಿಲ್ಲ. ಆಟ, ಸ್ಕಾಲರ್‌ಶಿಪ್, ವಿಜ್ಞಾನ ಮಾದರಿ, ಯಾವುದೇ ಇರಲಿ, ಯಾರೋ ಒಬ್ಬ ಸರ್ ಅಥವಾ ಮೇಡಂ ಕಪಾಟಿನಲ್ಲಿರುವ ಒಂದು ಪುಸ್ತಕದ ಮೂಲಕವೇ ಬರುತ್ತದೆ. ಆದ್ದರಿಂದ ಹಾಜರಿ ಪುಸ್ತಕ ಬಿಟ್ಟು ಇನ್ನೊಂದು ಪುಸ್ತಕದಲ್ಲಿ ನಿಮ್ಮ ಮಗುವಿನ ಹೆಸರು ಬರುವ ಹಾಗೆ ನೋಡಿಕೊಳ್ಳಿ. ಮೂರು ವರ್ಷದಲ್ಲಿ ಪಾಲಕರು ಮಾಡಬೇಕಾದ ಕೆಲಸ ಹೆಚ್ಚೂ ಕಡಿಮೆ ಇದೇ.

ಮೊದಲು ನನ್ನ ಪುಸ್ತಕದ ವಿಷಯ, ಅಂದರೆ ಅಡ್ಮಿಶನ್ ರಿಜಿಸ್ಟರ್. ಬರುವಾಗ 7ನೇ ತರಗತಿಯ ಟಿಸಿ, ಸ್ಯಾಟ್ಸ್ ನಂಬರ್ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಸಂಖ್ಯೆ), ಮಗುವಿನ ಮತ್ತು ಪಾಲಕರ ಆಧಾರ್, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್ ತನ್ನಿ. ಒರಿಜಿನಲ್ ಟಿಸಿ ಕೊಡುವ ಮುಂಚೆ ಝೆರಾಕ್ಸ್ ಮಾಡಿಸಿಕೊಳ್ಳಿ. ತಂದ ಮೇಲೆ ಅವಸರ ಮಾಡಬೇಡಿ. ಟಿಸಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಓದಿ. ನಮ್ಮ ಕಡೆ ಶರಣಬಸಪ್ಪ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಂದರಲ್ಲಿ ತಂದೆಯ ಹೆಸರು ನಡುವೆ ಇದ್ದರೆ ಇನ್ನೊಂದರಲ್ಲಿ ಅಡ್ಡಹೆಸರು ಮಾತ್ರ ಇರುತ್ತದೆ. ಅರ್ಧ ಊರಿನ ಮಕ್ಕಳು ಹುಟ್ಟಿದ್ದು ಜೂನ್ 1ಕ್ಕೆ. ಒಂದನೇ ತರಗತಿಗೆ ಸೇರಿಸಿಕೊಂಡ ಗುರುಗಳ ಕೃಪೆ ಅದು, ಈಗ ಯಾರೂ ಏನೂ ಮಾಡುವ ಹಾಗಿಲ್ಲ. ಆದರೆ ಆಧಾರಿನಲ್ಲಿ ಒಂದು ದಿನಾಂಕ, ಟಿಸಿಯಲ್ಲಿ ಇನ್ನೊಂದು ಇದ್ದರೆ 8ನೇ ತರಗತಿಯಲ್ಲೇ ಸರಿಪಡಿಸಿ. 10ನೇ ತರಗತಿಯಲ್ಲಿ ಪರೀಕ್ಷಾ ಮಂಡಳಿಗೆ ಹೆಸರು ನೋಂದಾಯಿಸುವಾಗ ನಾವು ಕರಡು ಪ್ರತಿ ತೆಗೆದು ಪರಿಶೀಲಿಸಿ ಅಂತ ಮಕ್ಕಳ ಕೈಗೆ ಕೊಡುತ್ತೇವೆ. ಹುಡುಗರು ಅದನ್ನು ಓದದೆಯೇ ಸಹಿ ಹಾಕಿ ತರುತ್ತಾರೆ. ಅಂಕಪಟ್ಟಿ ಅಚ್ಚಾದ ಮೇಲೆ ಹೆಸರಿನ ಒಂದು ಅಕ್ಷರಕ್ಕೂ ಮಂಡಳಿಗೆ ಅಲೆಯಬೇಕು. ಜನ್ಮದಿನಾಂಕ ಅಂದರೆ ಕೋರ್ಟಿನವರೆಗೂ ಹೋಗಬೇಕಾದೀತು.

ಇನ್ನೊಂದು ಪ್ರಶ್ನೆ ಊರಂಚಿನ ಸಾಲಿಗಳಿಗೇ ಸಂಬಂಧಿಸಿದ್ದು: ಈ ಸಾಲಿ ಮಹಾನಗರ ಪಾಲಿಕೆ ವ್ಯಾಪ್ತಿಗೆ ಬರುತ್ತದೋ, ಗ್ರಾಮ ಪಂಚಾಯಿತಿಗೋ? ರಸ್ತೆಯ ಈ ಬದಿ ಒಂದು, ಆ ಬದಿ ಇನ್ನೊಂದು ಇರಬಹುದು. ಇದನ್ನು ಯಾಕೆ ಕೇಳಬೇಕು ಅಂದರೆ, 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ 25 ಮೀಸಲಾತಿ ಇದೆ, ಸಿಇಟಿಯಲ್ಲಿಯೂ ಗ್ರಾಮೀಣ ಕೋಟಾ ಇದೆ. ಹತ್ತೂ ವರ್ಷ ಆಗಿರಬೇಕು. ಕಮಲಾಪುರದ ಕಡೆಯ ಹಳ್ಳಿಯಲ್ಲಿ ಏಳನೆಯದರವರೆಗೆ ಓದಿದ ಹುಡುಗಿಯನ್ನು "ಪ್ಯಾಟಿಯೊಳಗ ಚೊಲೋ ಕಲಿಸ್ತಾರ" ಅಂತ ಪಾಲಿಕೆ ವ್ಯಾಪ್ತಿಯ ಹೈಸ್ಕೂಲಿಗೆ ತಂದರೆ ಆ ಏಳು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ತರಬೇಡಿ ಅಂತ ನಾನು ಹೇಳುವುದಿಲ್ಲ. ಕೆಲವೊಮ್ಮೆ ತರುವುದೇ ಸರಿ. ಗೊತ್ತಿದ್ದು ತನ್ನಿ ಅಷ್ಟೆ. ಕನ್ನಡ ಮಾಧ್ಯಮಕ್ಕೂ ಇದೇ ಮಾತು: ಹತ್ತೂ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೇಮಕಾತಿಯಲ್ಲಿ ಶೇ 5 ಇದೆ. ಏಳನೆಯದರವರೆಗೆ ಕನ್ನಡದಲ್ಲಿ ಓದಿ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಬೇಕು ಅಂತ ಹಟ ಹಿಡಿಯುವವರು ಇದನ್ನು ಮೊದಲು ಲೆಕ್ಕ ಹಾಕಲಿ. ನನ್ನ ಅಭಿಪ್ರಾಯ ಕೇಳಿದರೆ, ಎಂಟನೇ ತರಗತಿಯಲ್ಲಿ ಮಾಧ್ಯಮ ಬದಲಿಸಿದ ಮಕ್ಕಳಲ್ಲಿ ಹೆಚ್ಚಿನವರು ಮೊದಲ ವರ್ಷವನ್ನು ವಿಜ್ಞಾನದ ಪದಗಳ ಸ್ಪೆಲಿಂಗಿಗೇ ಕಳೆಯುತ್ತಾರೆ.

371-ಜೆ (ಈ ಭಾಗದವರಿಗೆ ಶಿಕ್ಷಣ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಪ್ರಮಾಣಪತ್ರದ ಬಗ್ಗೆ ಬೇರೆ ಹೇಳಬೇಕಿಲ್ಲ, ಕಲ್ಯಾಣ ಕರ್ನಾಟಕದ ಮನೆಮನೆಗೂ ಅದು ಗೊತ್ತು. ಸಹಾಯಕ ಆಯುಕ್ತರ ಕಚೇರಿಯಲ್ಲಿ ಅದಕ್ಕೂ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಕೊಡುವವನು ನಾನೇ.

ಇನ್ನು ಫಲಿತಾಂಶ. ಕೇಳುವವರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ಶೇ 42.43 ಬಂದು ರಾಜ್ಯದಲ್ಲೇ ಕೊನೆಗೆ ನಿಂತಿತು. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಆದರೆ ಜಿಲ್ಲೆಯ ಅಂಕಿ ನೋಡಿ ಒಂದು ಸಾಲಿಯನ್ನು ಅಳೆಯಲು ಬರುವುದಿಲ್ಲ. ಮುಖ್ಯಗುರುಗಳ ಹತ್ತಿರ ಹೋಗಿ ಎರಡೇ ಮಾತು ಕೇಳಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರಾ, ಇಲ್ಲದಿದ್ದರೆ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು? ಕಳೆದ ವರ್ಷ ವಿಷಯವಾರು ಫಲಿತಾಂಶ ಎಷ್ಟು? ಗಣಿತದ ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರು ದಸರಾ ಹೊತ್ತಿಗೆ ಬರುವ ಸಾಲಿಯಲ್ಲಿ ಎಷ್ಟು ಸ್ಮಾರ್ಟ್ ಬೋರ್ಡ್ ಇದ್ದರೇನು. ಒಳ್ಳೆ ಮುಖ್ಯಗುರು ಇದ್ದರೆ ಸಿಟ್ಟಾಗದೆ ಪಟ್ಟಿ ತೆಗೆದು ತೋರಿಸುತ್ತಾರೆ. ಆ ಪಟ್ಟಿ ಗೌಪ್ಯವೇನಲ್ಲ.

ಈಗ ಉಳಿದ ಪುಸ್ತಕಗಳು. ಎಂಟನೇ ತರಗತಿಯವರಿಗೆ ಎಲ್ಲಕ್ಕಿಂತ ದೊಡ್ಡದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಎನ್‌ಎಂಎಂಎಸ್. ಸರ್ಕಾರಿ ಮತ್ತು ಅನುದಾನಿತ ಸಾಲಿಯ 8ನೇ ತರಗತಿ ಮಕ್ಕಳಿಗೆ ಮಾತ್ರ ಈ ಪರೀಕ್ಷೆ. ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷ ಮೀರಿರಬಾರದು, 7ನೇ ತರಗತಿಯಲ್ಲಿ ಶೇ 55 ಬಂದಿರಬೇಕು, ಎಸ್‌ಸಿ-ಎಸ್‌ಟಿಗೆ ಶೇ 50. ಬುದ್ಧಿಶಕ್ತಿಯ ಪ್ರಶ್ನೆ 90, ಪಾಠದ ಪ್ರಶ್ನೆ 90. ಪಟ್ಟಿಯಲ್ಲಿ ಬಂದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಒಂಬತ್ತನೆಯದಕ್ಕೆ ಬಂದ ಮೇಲೆ ಕೇಳಿದರೆ ಏನೂ ಮಾಡಲು ಬರುವುದಿಲ್ಲ, ಎಂಟರಲ್ಲಿ ಒಮ್ಮೆ ಮಾತ್ರ. ಜುಲೈನಿಂದಲೇ "ಈ ಸಲ ಎನ್‌ಎಂಎಂಎಸ್ ಯಾರು ನೋಡ್ತಾರ?" ಅಂತ ಕೇಳುತ್ತಿರಿ. ಬಹಳ ಸಾಲಿಗಳಲ್ಲಿ ಗಣಿತದ ಮೇಡಂ ಸಂಜೆ ಅರ್ಧ ತಾಸು ಕೂಡಿಸಿ ಕಲಿಸುತ್ತಾರೆ. ಆದರೆ ಯಾರು ಬಂದು ಹೆಸರು ಬರೆಸುತ್ತಾರೋ ಅವರಿಗೆ ಮಾತ್ರ. ಆಯ್ಕೆಯಾದ ಮೇಲೆ ಪ್ರತಿ ವರ್ಷ ಪೋರ್ಟಲ್ಲಿನಲ್ಲಿ ನವೀಕರಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ದುಡ್ಡು ನಿಲ್ಲುವುದು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ತಪ್ಪಿದಾಗ.

ಎನ್‌ಸಿಸಿಗೂ ಎಂಟೇ ಬಾಗಿಲು. 'ಎ' ಸರ್ಟಿಫಿಕೇಟಿಗೆ ಎರಡು ವರ್ಷದ ತರಬೇತಿ ಬೇಕು, ಹತ್ತರಲ್ಲಿ ಪರೀಕ್ಷೆಯ ಗದ್ದಲ, ಹೀಗಾಗಿ 8 ಮತ್ತು 9ರಲ್ಲೇ ಮುಗಿಯುತ್ತದೆ. ನಿಮ್ಮ ಸಾಲಿಯಲ್ಲಿ ಎನ್‌ಸಿಸಿ ಘಟಕ ಇಲ್ಲದಿದ್ದರೆ ಸ್ಕೌಟ್ಸ್-ಗೈಡ್ಸ್ ಇದೆಯಾ ನೋಡಿ.

ಆಟದ ಪುಸ್ತಕ ಪಿಟಿ ಸರ್ ಹತ್ತಿರ. ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ, ಹೈಸ್ಕೂಲಿಗೆ 17ರ ಒಳಗಿನವರು. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ವಲಯದ ಪಂದ್ಯಗಳು ಮಳೆಗಾಲದಲ್ಲೇ ಮುಗಿಯುವುದರಿಂದ ಜೂನ್-ಜುಲೈಯಲ್ಲೇ ತಂಡ ಕಟ್ಟುತ್ತಾರೆ. ದಸರಾ ರಜೆ ಮುಗಿಸಿ ಬಂದು "ನಮ್ ಹುಡುಗ ಕಬಡ್ಡಿ ಭಾರಿ ಆಡ್ತಾನ್ರಿ" ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ನಮ್ಮ ಮೈದಾನ ಅಪ್ಪಟ ಎರೆಮಣ್ಣು. ಒಂದು ಮಳೆ ಬಿದ್ದರೆ ಹೆಜ್ಜೆಗೆ ಒಂದು ಸೇರು ಮಣ್ಣು ಅಂಟುತ್ತದೆ, ಖೋಖೋ ಹುಡುಗಿಯರು ಕಂಬದ ಹತ್ತಿರ ತಿರುಗುವಾಗ ಅಂಗಾಲಿನ ಹೆಂಟೆ ಹಾರಿ ಹಿಂದಿನವಳ ಮುಖಕ್ಕೆ ಬಡಿಯುತ್ತದೆ. ಪಿಟಿ ಸರ್ ಎರಡು ಟ್ರ್ಯಾಕ್ಟರ್ ಮುರುಮು ಹಾಕಿಸಿ ಒಂದು ಅಂಕಣದಷ್ಟು ಜಾಗ ಮಾಡಿದ್ದಾರೆ. ಆ ಜಾಗಕ್ಕಾಗಿ ಖೋಖೋದವರಿಗೂ ವಾಲಿಬಾಲಿನವರಿಗೂ ದಿನಾ ಜಗಳ. ಪ್ರಾಕ್ಟೀಸು ಬೆಲ್ಲಿನ ಮುಂಚೆ ಇರುತ್ತದೆ, ಹೆಣ್ಣುಮಕ್ಕಳನ್ನು ಅಷ್ಟು ಬೇಗ ಕಳಿಸಲು ಹಿಂಜರಿಯುವವರು ಒಂದು ದಿನ ಬಂದು ಗೇಟಿನ ಹತ್ತಿರ ನಿಂತು ನೋಡಿ. ಬಂದು ನೋಡಿದವರಲ್ಲಿ ಬೇಡ ಅಂದವರು ಕಡಿಮೆ.

ಸಾಲಿ ಮಕ್ಕಳ ಹಾಡು-ಮಾತು-ಕಲೆಯ ಸ್ಪರ್ಧೆ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಭಾಷಣ, ರಂಗೋಲಿ ಇವಕ್ಕೇ ಎಲ್ಲರೂ ನುಗ್ಗುತ್ತಾರೆ. ಗಝಲ್, ಕವ್ವಾಲಿ, ಮಿಮಿಕ್ರಿ ಕೂಡ ಅದರಲ್ಲಿ ಇವೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಬಂದೇನವಾಜರ ದರ್ಗಾ ಇರುವ ಊರಿನಲ್ಲಿ ಕವ್ವಾಲಿಗೆ ಮಕ್ಕಳನ್ನು ಹುಡುಕಬೇಕಾಗಿ ಬರುವುದು ಸೋಜಿಗ. ನಮ್ಮಲ್ಲಿ ಉರ್ದು ಸೆಕ್ಷನ್ನಿನ ಹುಡುಗರು ಹಾಡಲು ಕೂತರೆ ಢೋಲಕ್ ಬಾರಿಸುವವನು ಕನ್ನಡ ಮಾಧ್ಯಮದವನು, ಭಜನೆ ತಂಡದಲ್ಲಿ ಅಪ್ಪನ ಜೊತೆ ಕೂತು ಕಲಿತವನು. ಚಪ್ಪಾಳೆಗೆ ತಾಳ ತಪ್ಪಿದರೆ ಅವನು ಢೋಲಕ್ ನಿಲ್ಲಿಸಿ ಎಲ್ಲರನ್ನೂ ಮೊದಲಿಂದ ಹಾಡಿಸುತ್ತಾನೆ, ಮಾಸ್ತರರೂ ಸುಮ್ಮನಿರುತ್ತಾರೆ. ಮನೆಯಲ್ಲಿ ಮಗು ಏನು ಬಾರಿಸುತ್ತದೆ, ಏನು ಹಾಡುತ್ತದೆ ಅನ್ನುವುದು ಸಾಲಿಗೆ ತಾನಾಗಿ ಗೊತ್ತಾಗುವುದಿಲ್ಲ. ಕ್ಲಾಸ್ ಟೀಚರಿಗೆ ಒಂದು ಸಲ ಹೇಳಿ ಹೋಗಿ.

ವಿಜ್ಞಾನ ಶಿಕ್ಷಕರ ಹತ್ತಿರ, ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ಇದೆ. ಒಂದು ಸಾಲಿಯಿಂದ ಐದು ಮಕ್ಕಳ ಐಡಿಯಾ ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಒಂದೇ ಬೇಡಿಕೆ: ಯೂಟ್ಯೂಬ್ ನೋಡಿ ಸಿರಿಂಜಿನ ಜೆಸಿಬಿ ಮಾಡಿಕೊಂಡು ಬರಬೇಡಿ. ಸ್ಟಾಕ್ ರೂಮಿನಲ್ಲಿ ಈಗಲೇ ಜೆಸಿಬಿಗಳ ಸಾಲು ನಿಂತಿದೆ. ಹುಡುಗನ ಅಪ್ಪ ಮಿಲ್ಲಿನಲ್ಲಿ ತೊಗರಿ ಧೂಳು ಕುಡಿದು ಕೆಮ್ಮುತ್ತಾನಲ್ಲ, ಅದಕ್ಕೇನು ಮಾಡಬಹುದು ಅಂತ ಕೇಳಿ. ಐಡಿಯಾ ಅಲ್ಲಿಂದ ಬರಲಿ.

ಸೆಪ್ಟೆಂಬರ್ 17ಕ್ಕೆ ಮಕ್ಕಳನ್ನು ತಪ್ಪದೇ ಕಳಿಸಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನ, ರಾಜ್ಯದ ಬೇರೆ ಕಡೆ ಇಲ್ಲದ ಧ್ವಜಾರೋಹಣ ನಮ್ಮಲ್ಲಿ ಇದೆ. ಅಜ್ಜ-ಅಜ್ಜಿ ರಜಾಕಾರರ (ನಿಜಾಮರ ಪರವಾಗಿದ್ದ ಖಾಸಗಿ ಪಡೆಯವರ) ಕಾಲದ್ದು ಏನಾದರೂ ಹೇಳಿದ್ದರೆ ಮಗು ಅದನ್ನು ವೇದಿಕೆಯಲ್ಲಿ ಹೇಳಲಿ. ಪ್ರತಿ ವರ್ಷ ಅದೇ ಭಾಷಣದ ಚೀಟಿ ಕೇಳಿ ಕೇಳಿ ನಮಗೂ ಸಾಕಾಗಿದೆ.

ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ ಎಲ್ಲ ಸರ್ಕಾರದ್ದೇ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, ತಿನ್ನುತ್ತದೋ ಇಲ್ಲವೋ ಅನ್ನುವುದನ್ನು ಮೊದಲೇ ಕ್ಲಾಸ್ ಟೀಚರಿಗೆ ಹೇಳಿಬಿಡಿ.

ಹಾಜರಿಯ ಮಾತು ಬೇಸರದ್ದು, ಆದರೂ ಹೇಳಬೇಕು. ಹತ್ತಿ ಬಿಡಿಸುವಾಗ, ತೊಗರಿ ಕೊಯ್ಲಿನಾಗ ಡಿಸೆಂಬರ್-ಜನವರಿಯಲ್ಲಿ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. 10ನೇ ತರಗತಿ ಪರೀಕ್ಷೆಗೆ ಕೂಡಲು ಶೇ 75 ಹಾಜರಿ ಬೇಕು. ಗುಳೆ ಹೋಗಲೇಬೇಕಾದರೆ ಮಗುವನ್ನು ಹೇಳದೇ ಕರೆದುಕೊಂಡು ಹೋಗಬೇಡಿ. ಸಮಾಜ ಕಲ್ಯಾಣ ಮತ್ತು ಬಿಸಿಎಂ (ಹಿಂದುಳಿದ ವರ್ಗಗಳ) ಇಲಾಖೆಯ ಮೆಟ್ರಿಕ್-ಪೂರ್ವ ಹಾಸ್ಟೆಲ್ಲುಗಳಿಗೆ ವರ್ಷದ ಆರಂಭದಲ್ಲೇ ಅರ್ಜಿ ಹಾಕಿ. ನವೆಂಬರಿನಲ್ಲಿ ಬಂದು ಅಳುವುದಕ್ಕಿಂತ ಜೂನಿನಲ್ಲಿ ಒಂದು ಫಾರ್ಮ್ ತುಂಬುವುದು ಸಲೀಸು.

ಹತ್ತನೆಯದರ 625 ಅಂಕದಲ್ಲಿ 125 ಆಂತರಿಕ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ 20ರಂತೆ. ಅವು ನೋಟ್‌ಬುಕ್, ಪ್ರಾಜೆಕ್ಟು, ಕಿರುಪರೀಕ್ಷೆಗಳ ಮೇಲೆ ವರ್ಷವಿಡೀ ಬೀಳುತ್ತವೆ. ಮಾರ್ಚಿನಲ್ಲಿ ಕೇಳಿ ಪಡೆಯುವಂಥವಲ್ಲ. ಒಂದು ವಿಷಯ ಹೋಯಿತು ಅಂತ ಮಗುವನ್ನು ಕೆಲಸಕ್ಕೆ ಹಚ್ಚಬೇಡಿ. 2024ರಿಂದ ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಅಂತ ಅದೇ ವರ್ಷ ಮತ್ತೆ ಬರೆಯಲು ಅವಕಾಶ ಇದೆ. ಹೆಸರು ನೋಂದಾಯಿಸಲು ಕೊಡುವ ದಿನಗಳು ಮಾತ್ರ ಕಡಿಮೆ, ಫಲಿತಾಂಶ ಬಂದ ಮರುದಿನವೇ ಸಾಲಿಗೆ ಬನ್ನಿ.

ಅಂಕಪಟ್ಟಿ ಒಯ್ಯಲು ಬಂದ ದಿನ ಟಿಸಿ ಜೊತೆಗೆ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ್ದು, ಅನ್ವಯಿಸಿದರೆ ಗ್ರಾಮೀಣದ್ದು, ಮೂರನ್ನೂ ಬರೆಸಿಕೊಳ್ಳಿ. ಮುಖ್ಯಗುರುಗಳ ಸಹಿ ಆದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೇಲು ಸಹಿ ಬೇಕು. 1ರಿಂದ 7ರವರೆಗಿನದ್ದು ಹಳೆಯ ಸಾಲಿಯಿಂದಲೇ ತರಬೇಕು, ಅದು ನನ್ನ ಕೈಯಲ್ಲಿಲ್ಲ. ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಬನ್ನಿ, ಬಿಸಿಯೂಟದ ಹೊತ್ತಿಗೆ ಬರಬೇಡಿ. ಆಗ ನಾನು ಅಕ್ಕಿ-ಬೇಳೆ ಲೆಕ್ಕದಲ್ಲಿ ಇರುತ್ತೇನೆ.